ಹಳೆಯ ಗೇಮ್ ಕನ್ಸೋಲ್‌ಗಳ ಬೀಗದ ಚಿಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕನ್ಸೋಲ್‌ಗಳನ್ನು ಸಂಗ್ರಹಿಸುವವರು, ರಿಪೇರಿ ಮಾಡುವವರು ಮತ್ತು ಬಾಲ್ಯದಲ್ಲಿ ಕ್ಯಾಸೆಟ್ ಹಾಕಿ ಆಡಿದ ನೆನಪುಳ್ಳವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಮಾತು ನಿಂಟೆಂಡೊ ಕಂಪನಿಯ ಎನ್‌ಇಎಸ್ ಕನ್ಸೋಲ್‌ನ ‘10ಎನ್‌ಇಎಸ್’ ಎಂಬ ಬೀಗದ, ಅಂದರೆ ಕಂಪನಿಯ ಅನುಮತಿಯಿಲ್ಲದ ಕ್ಯಾಸೆಟ್‌ಗಳು ಓಡದಂತೆ ತಡೆಯುವ ಚಿಪ್‌ನ, ಕುರಿತಾಗಿದೆ. ಮುಂದೆ ಬಂದ ಬಹಳಷ್ಟು ಬೀಗಗಳನ್ನು ಅರ್ಥ ಮಾಡಿಕೊಳ್ಳಲು ಇದೊಂದನ್ನು ಚೆನ್ನಾಗಿ ತಿಳಿದುಕೊಂಡರೆ ದಾರಿ ಸುಲಭವಾಗುತ್ತದೆ. ನಮ್ಮಲ್ಲಿ ಎಲ್ಲರೂ ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದ ಕಾರ್ಟ್ರಿಡ್ಜನ್ನು ಇಲ್ಲಿಯೂ ಹಾಗೆಯೇ ಕರೆದಿದ್ದೇನೆ.

ಮೊದಲ ಕನ್ಸೋಲ್‌ಗಳಲ್ಲಿ ಯಾವ ಬೀಗವೂ ಇರಲಿಲ್ಲವೇ?

1977ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಟಾರಿ 2600ರಲ್ಲಿ ಇರಲಿಲ್ಲ. ಆ ಕನ್ಸೋಲ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದವರು ಯಾರು ಬೇಕಾದರೂ ಅದಕ್ಕೆ ಕ್ಯಾಸೆಟ್ ತಯಾರಿಸಿ ಮಾರಬಹುದಾಗಿತ್ತು. 1979ರಲ್ಲಿ ಅಟಾರಿಯನ್ನು ಬಿಟ್ಟು ಹೊರಬಂದ ಕೆಲವು ಪ್ರೋಗ್ರಾಮರ್‌ಗಳು ಆಕ್ಟಿವಿಷನ್ ಕಂಪನಿಯನ್ನು ಕಟ್ಟಿ ಅದನ್ನೇ ಮಾಡಿದರು, ಮತ್ತು ಅವರ ಆಟಗಳು ನಿಜಕ್ಕೂ ಚೆನ್ನಾಗಿದ್ದವು. ಅವರ ಹಿಂದೆ ಬಂದ ಎಲ್ಲರ ಬಗ್ಗೆ ಹಾಗೆ ಹೇಳಲಾಗದು. ಅಂಗಡಿಗಳಲ್ಲಿ ಕಳಪೆ ಕ್ಯಾಸೆಟ್‌ಗಳು ರಾಶಿ ಬಿದ್ದು, ಬೆಲೆ ಕುಸಿದು, 1983ರ ಹೊತ್ತಿಗೆ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರವೇ ನೆಲಕಚ್ಚಿತು.

ಈ ಕುಸಿತದ ಆಸುಪಾಸಿನಲ್ಲಿಯೇ ಬೀಗ ಹಾಕುವ ಮೊದಲ ಪ್ರಯತ್ನಗಳೂ ನಡೆದವು. ಮ್ಯಾಟೆಲ್ ಕಂಪನಿಯು ಇಂಟೆಲಿವಿಷನ್ 2ರ ಒಳಗಿನ ಪ್ರೋಗ್ರಾಮನ್ನು ಬದಲಿಸಿ ಹೊರಗಿನವರ ಕೆಲವು ಕ್ಯಾಸೆಟ್‌ಗಳು ಓಡದಂತೆ ಮಾಡಿತು. ಆದರೆ ಆ ಬದಲಾವಣೆಯಿಂದ ತನ್ನದೇ ಒಂದು ಆಟವೂ ಕೆಟ್ಟುಹೋಯಿತು. 1986ರಲ್ಲಿ ವ್ಯಾಪಕವಾಗಿ ಮಾರಾಟಕ್ಕೆ ಬಂದ ಅಟಾರಿ 7800 ಇನ್ನೂ ಮುಂದೆ ಹೋಗಿ, ಕ್ಯಾಸೆಟ್‌ನಲ್ಲಿ ಡಿಜಿಟಲ್ ಸಹಿ ಇದೆಯೇ ಎಂದು ಪರಿಶೀಲಿಸುತ್ತಿತ್ತು. ಸಹಿ ಇಲ್ಲದಿದ್ದರೆ ಅದು ಹಳೆಯ 2600ರಂತೆ ಮಾತ್ರ ವರ್ತಿಸುತ್ತಿತ್ತು. ಆ ಕಾಲಕ್ಕೆ ಇದು ಬಹಳ ಮುಂದುವರಿದ ಯೋಚನೆ. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಜಪಾನಿನ ಫ್ಯಾಮಿಕಾಮ್‌ನಲ್ಲಿ ಇಲ್ಲದ ಬೀಗ ಅಮೆರಿಕದ ಎನ್‌ಇಎಸ್‌ಗೆ ಏಕೆ ಬಂತು?

ನಿಂಟೆಂಡೊ ಜಪಾನಿನಲ್ಲಿ ಮಾರಿದ ಫ್ಯಾಮಿಕಾಮ್ ಮತ್ತು ಅಮೆರಿಕದಲ್ಲಿ ಮಾರಿದ ಎನ್‌ಇಎಸ್ ಒಳಗಿನಿಂದ ಬಹುಮಟ್ಟಿಗೆ ಒಂದೇ ಯಂತ್ರ. 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಫ್ಯಾಮಿಕಾಮ್‌ಗೆ 60 ಪಿನ್‌ಗಳ ಕ್ಯಾಸೆಟ್ ಹಾಕಬೇಕಿತ್ತು ಮತ್ತು ಅದರಲ್ಲಿ ಬೀಗದ ಚಿಪ್ ಇರಲಿಲ್ಲ. ಅಲ್ಲಿ ಪರವಾನಗಿಯಿಲ್ಲದ ಕ್ಯಾಸೆಟ್‌ಗಳೂ ನಕಲುಗಳೂ ಬರತೊಡಗಿದ್ದನ್ನು ಕಂಪನಿ ಕಣ್ಣಾರೆ ಕಂಡಿತ್ತು. ಅತ್ತ ಅಮೆರಿಕದ ಅಂಗಡಿಯವರು 1983ರ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. 1985ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಪ್ರದೇಶದಲ್ಲಿ ಎನ್‌ಇಎಸ್ ಮಾರಾಟಕ್ಕೆ ಬಂದಾಗ ಅದರ ಕ್ಯಾಸೆಟ್‌ನಲ್ಲಿ 72 ಪಿನ್‌ಗಳಿದ್ದವು.

ಈ 72ರ ಲೆಕ್ಕ ಗಮನಿಸುವಂಥದ್ದು. ಹಳೆಯ 60ರಲ್ಲಿ ಧ್ವನಿಗೆ ಸಂಬಂಧಿಸಿದ 2 ಪಿನ್‌ಗಳನ್ನು ತೆಗೆದು, ಯಂತ್ರದ ಅಡಿಯಲ್ಲಿದ್ದ ವಿಸ್ತರಣಾ ಜಾಗಕ್ಕೆಂದು 10 ಪಿನ್‌ಗಳನ್ನು ಸೇರಿಸಿದರು. ಉಳಿದ 4 ಹೊಸ ಪಿನ್‌ಗಳು ಕೇವಲ ಬೀಗಕ್ಕಾಗಿ ಬಂದವು. ಆರಂಭದ ಕೆಲವು ಅಮೆರಿಕನ್ ಕ್ಯಾಸೆಟ್‌ಗಳ, ಉದಾಹರಣೆಗೆ ‘ಗೈರೋಮೈಟ್’ ಆಟದ ಕೆಲವು ಪ್ರತಿಗಳ, ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಜಪಾನಿನ 60 ಪಿನ್‌ಗಳ ಬೋರ್ಡೇ ಇರುತ್ತದೆ. ಅದಕ್ಕೆ ಒಂದು ಅಡಾಪ್ಟರ್ ಸಿಕ್ಕಿಸಿ, ಆ ಅಡಾಪ್ಟರ್ ಮೇಲೆ ಬೀಗದ ಚಿಪ್ ಕೂರಿಸಿರುತ್ತಾರೆ. ಆಟ ಹಳೆಯದೇ, ಹೊಸದಾಗಿ ಸೇರಿದ್ದು ಬೀಗ ಮಾತ್ರ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಈ ಚಿಪ್ ನಿಖರವಾಗಿ ಏನು ಮಾಡುತ್ತದೆ?

ಕನ್ಸೋಲ್‌ನಲ್ಲಿ ಒಂದು ಚಿಪ್, ಪ್ರತಿ ಕ್ಯಾಸೆಟ್‌ನಲ್ಲಿ ಇನ್ನೊಂದು ಚಿಪ್ ಇರುತ್ತದೆ. ಕನ್ಸೋಲ್‌ನಲ್ಲಿರುವುದು ಬೀಗ, ಕ್ಯಾಸೆಟ್‌ನಲ್ಲಿರುವುದು ಕೀಲಿ. ಎರಡೂ ಶಾರ್ಪ್ ಕಂಪನಿಯ 4 ಬಿಟ್‌ನ ಪುಟ್ಟ ಮೈಕ್ರೋಕಂಟ್ರೋಲರ್‌ಗಳು, ಎರಡರ ಒಳಗೂ ಸುಮಾರು ಅರ್ಧ ಕಿಲೋಬೈಟ್‌ನಷ್ಟು ಅದೇ ಪ್ರೋಗ್ರಾಂ ಇರುತ್ತದೆ. ತಾನು ಬೀಗವೋ ಕೀಲಿಯೋ ಎಂಬುದನ್ನು ಚಿಪ್ ತನ್ನ 4ನೇ ಪಿನ್‌ನ ವೋಲ್ಟೇಜ್ ನೋಡಿ ತಿಳಿದುಕೊಳ್ಳುತ್ತದೆ.

ಶಾಲೆಯಲ್ಲಿ ಇಬ್ಬರು ಮಕ್ಕಳನ್ನು ಎದುರು ಬದುರು ನಿಲ್ಲಿಸಿ ಮಗ್ಗಿ ಹೇಳಿಸುವುದನ್ನು ನೆನಪಿಸಿಕೊಳ್ಳಿ. ಇಬ್ಬರಿಗೂ 16 ಮಗ್ಗಿಗಳು ಬಾಯಿಪಾಠವಾಗಿವೆ. ಯಾವ ಮಗ್ಗಿ ಎಂದು ಮೊದಲನೆಯವನು ಆರಂಭದಲ್ಲಿ ಒಮ್ಮೆ ಸೂಚಿಸುತ್ತಾನೆ, ಆಮೇಲೆ ಇಬ್ಬರೂ ಒಂದೇ ಲಯದಲ್ಲಿ, ಒಂದಕ್ಷರವೂ ಹಿಂದೆ ಮುಂದಾಗದಂತೆ ಹೇಳುತ್ತಾ ಹೋಗಬೇಕು. ಬೀಗ ಮತ್ತು ಕೀಲಿ ಮಾಡುವುದೂ ಇದನ್ನೇ. ಕನ್ಸೋಲ್ ಆನ್ ಮಾಡಿದೊಡನೆ ಬೀಗವು 16 ಸರಣಿಗಳಲ್ಲಿ ಒಂದನ್ನು ಆರಿಸಿ ಕೀಲಿಗೆ ತಿಳಿಸುತ್ತದೆ. ಬಳಿಕ ಎರಡೂ ಒಂದೇ ಗಡಿಯಾರದ ಮಿಡಿತಕ್ಕೆ, ಅಂದರೆ ಸೆಕೆಂಡಿಗೆ 40 ಲಕ್ಷ ಬಾರಿಯ ಮಿಡಿತಕ್ಕೆ, ತಮ್ಮ ತಮ್ಮ ಲೆಕ್ಕವನ್ನು ಮಾಡಿ, ಬಂದ ಉತ್ತರವನ್ನು ಒಂದೊಂದೇ ಬಿಟ್ ಆಗಿ ಪರಸ್ಪರ ಕಳಿಸಿಕೊಳ್ಳುತ್ತವೆ. ತಾನು ಲೆಕ್ಕ ಹಾಕಿದ್ದಕ್ಕೂ ಎದುರಿನಿಂದ ಬಂದದ್ದಕ್ಕೂ ತಾಳೆಯಾಗದಿದ್ದರೆ ಬೀಗವು ಕನ್ಸೋಲನ್ನು ರೀಸೆಟ್ ಮಾಡುತ್ತದೆ. ಮತ್ತೆ ಆರಂಭ, ಮತ್ತೆ ತಪ್ಪು, ಮತ್ತೆ ರೀಸೆಟ್. ಸುಮಾರು ಸೆಕೆಂಡಿಗೊಮ್ಮೆ ಹೀಗಾಗುವುದರಿಂದ ಪರದೆಯೂ ಕೆಂಪು ದೀಪವೂ ಮಿಟುಕುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಸಂಭಾಷಣೆಯಲ್ಲಿ ಆಟದ ಪಾತ್ರ ಏನೂ ಇಲ್ಲ. ಬೀಗವು ಆಟದ ಒಂದು ಬೈಟನ್ನೂ ಓದುವುದಿಲ್ಲ, ಆಟವೂ ಬೀಗದೊಂದಿಗೆ ಮಾತನಾಡುವುದಿಲ್ಲ. ಕ್ಯಾಸೆಟ್‌ನಲ್ಲಿ ಕೀಲಿಯ ಚಿಪ್ ಇದೆಯೇ ಎಂಬುದಷ್ಟೇ ಪ್ರಶ್ನೆ.

ಹಾಗಾದರೆ ಇದು ನಕಲು ತಡೆಯುವ ಬೀಗವೇ ಅಲ್ಲವೇ?

ನಕಲನ್ನು ತಡೆಯುವುದೂ ಅದರ ಒಂದು ಕೆಲಸವಾಗಿತ್ತು. ಆದರೆ ಅದರ ಮುಖ್ಯ ಉಪಯೋಗ ಪರವಾನಗಿಯ ಕಾವಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆಯವರ ಆಟವನ್ನು ಕದ್ದು ನಕಲು ಮಾಡಿ ಮಾರುವವನು ಒಬ್ಬ. ತಾನೇ ಕಷ್ಟಪಟ್ಟು ಹೊಸ ಆಟ ಬರೆದು, ಕನ್ಸೋಲ್ ಕಂಪನಿಯ ಅನುಮತಿ ಕೇಳದೆ ಮಾರುವವನು ಇನ್ನೊಬ್ಬ. ಮೊದಲನೆಯದು ಕಳ್ಳತನ, ಎರಡನೆಯದು ಅಲ್ಲ. ಬೀಗದ ಚಿಪ್‌ಗೆ ಮಾತ್ರ ಇಬ್ಬರೂ ಒಂದೇ.

ಕೀಲಿಯ ಚಿಪ್ ನಿಂಟೆಂಡೊ ಒಂದರ ಬಳಿಯೇ ಇದ್ದುದರಿಂದ ಅಮೆರಿಕದಲ್ಲಿ ಆಟ ಮಾರಬೇಕೆನ್ನುವವರು ಅದರ ಷರತ್ತುಗಳಿಗೆ ಒಪ್ಪಲೇಬೇಕಿತ್ತು. ಕ್ಯಾಸೆಟ್‌ಗಳನ್ನು ನಿಂಟೆಂಡೊ ಮೂಲಕವೇ ತಯಾರಿಸಿಕೊಳ್ಳಬೇಕು, ವರ್ಷಕ್ಕೆ 5 ಆಟಗಳಿಗಿಂತ ಹೆಚ್ಚು ತರುವಂತಿಲ್ಲ, ಅದೇ ಆಟವನ್ನು 2 ವರ್ಷ ಬೇರೆ ಕನ್ಸೋಲ್‌ಗೆ ಕೊಡುವಂತಿಲ್ಲ. ಕೊನಾಮಿ ಕಂಪನಿಯು ಈ 5ರ ಮಿತಿಯನ್ನು ದಾಟಲು ‘ಅಲ್ಟ್ರಾ ಗೇಮ್ಸ್’ ಎಂಬ ಎರಡನೆಯ ಹೆಸರನ್ನೇ ಹುಟ್ಟುಹಾಕಿತು. ಕಳಪೆ ಆಟಗಳ ಪ್ರವಾಹವನ್ನು ತಡೆಯಲು ಇಂಥ ಬಿಗಿ ಬೇಕಿತ್ತು ಎಂಬ ವಾದದಲ್ಲಿ ಸತ್ಯವಿದೆ. ಮಾರುಕಟ್ಟೆ ಪೂರ್ತಿಯಾಗಿ ಒಬ್ಬರ ಕೈಗೆ ಹೋದದ್ದೂ ಅಷ್ಟೇ ಸತ್ಯ.

ಇದೇ ಚಿಪ್ ಪ್ರದೇಶಗಳನ್ನೂ ಬೇರ್ಪಡಿಸುತ್ತಿತ್ತು. ಅಮೆರಿಕದ ಚಿಪ್, ಬ್ರಿಟನ್ ಮತ್ತು ಇಟಲಿಯ ಚಿಪ್, ಯುರೋಪಿನ ಉಳಿದ ಭಾಗದ ಚಿಪ್ ಬೇರೆ ಬೇರೆಯಾಗಿದ್ದುದರಿಂದ ಒಂದು ಕಡೆ ಹಣ ಕೊಟ್ಟು ಕೊಂಡ ಅಸಲಿ ಕ್ಯಾಸೆಟ್ ಇನ್ನೊಂದು ಕಡೆ ಓಡುತ್ತಿರಲಿಲ್ಲ.

ಪರದೆ ಮಿಟುಕಿದರೆ ನನ್ನ ಕ್ಯಾಸೆಟ್ ನಕಲಿ ಎಂದೇ ಅರ್ಥವೇ? ಊದಿದರೆ ಸರಿಹೋಗುತ್ತದೆಯೇ?

ಹಾಗೆ ಅರ್ಥವಲ್ಲ. ಮಿಟುಕುವ ಎನ್‌ಇಎಸ್‌ಗಳಲ್ಲಿ ಬಹುಪಾಲಿನ ಒಳಗೆ ಇರುವುದು ಅಸಲಿ ಕ್ಯಾಸೆಟ್ಟೇ. ಈ ಕನ್ಸೋಲ್‌ನಲ್ಲಿ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕುವಂತೆ ಮುಂದಿನಿಂದ ತಳ್ಳಿ ಕೆಳಗೆ ಒತ್ತಬೇಕು. ಹಾಗೆ ಒತ್ತಿ ಒತ್ತಿ 72 ಪಿನ್‌ಗಳ ಕನೆಕ್ಟರ್‌ನ ಪಿನ್‌ಗಳು ಬಾಗುತ್ತವೆ, ಅವುಗಳ ಮೇಲೆ ಕಿಲುಬು ಹಿಡಿಯುತ್ತದೆ. ಬೀಗದ 4 ಪಿನ್‌ಗಳಲ್ಲಿ ಒಂದರ ಸಂಪರ್ಕ ಕ್ಷಣಮಾತ್ರ ತಪ್ಪಿದರೂ ಮಗ್ಗಿಯ ಲಯ ತಪ್ಪುತ್ತದೆ, ಯಂತ್ರ ರೀಸೆಟ್ ಆಗುತ್ತದೆ. ಆಟದ ಪಿನ್‌ಗಳೆಲ್ಲ ಸರಿಯಾಗಿದ್ದು ಕೇವಲ ಬೀಗದ ಪಿನ್ ಕೈಕೊಟ್ಟಿದ್ದರೂ ಆಟ ಆಡಲಾಗದು. ಹಣ ಕೊಟ್ಟು ಕೊಂಡ ಗ್ರಾಹಕನೇ ಹೀಗೆ ಬೀಗದ ಹೊರಗೆ ನಿಲ್ಲಬೇಕಾಗಿ ಬಂದದ್ದು ಈ ವಿನ್ಯಾಸದ ದೊಡ್ಡ ಲೋಪ.

ಊದಬೇಡಿ. ಊದಿದಾಗ ಸರಿಹೋದಂತೆ ಕಂಡದ್ದಕ್ಕೆ ನಿಜವಾದ ಕಾರಣ, ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕಿದಾಗ ಸಂಪರ್ಕ ಹೊಸದಾಗಿ ಕೂರುವುದು. ಬಾಯಿಯ ತೇವದಿಂದ ಕಿಲುಬು ಇನ್ನೂ ಹೆಚ್ಚುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಕ್ಯಾಸೆಟ್‌ನ ಪಟ್ಟಿಗಳನ್ನು ಒರೆಸಿ. ಹತ್ತಿ ಕಪ್ಪಾಗುವುದು ನಿಲ್ಲುವವರೆಗೂ ಒರೆಸುತ್ತಿರಿ, ಚೆನ್ನಾಗಿ ಆರಿದ ಮೇಲೆ ಹಾಕಿ ನೋಡಿ. ನನ್ನ ಕೈಗೆ ಬಂದ ಒಂದು ಯಂತ್ರದಲ್ಲಿ ಇಷ್ಟು ಮಾಡಿದ್ದೇ ಸಾಕಾಗಿತ್ತು, 6 ಹತ್ತಿಕಡ್ಡಿಗಳು ಕಪ್ಪಾಗಿದ್ದವು.

ಬೀಗವನ್ನು ದಾಟಿದವರು ಹೇಗೆ ದಾಟಿದರು?

ಮೂರು ದಾರಿಗಳಿದ್ದವು. ಅತ್ಯಂತ ಸರಳವಾದುದು ಸವಾರಿ: ಪರವಾನಗಿಯಿಲ್ಲದ ಕ್ಯಾಸೆಟ್‌ನ ಮೇಲೆ ಒಂದು ಅಸಲಿ ಕ್ಯಾಸೆಟ್ಟನ್ನು ಸಿಕ್ಕಿಸಿ, ಅದರ ಕೀಲಿಯನ್ನು ಎರವಲು ಪಡೆಯುವುದು. ಆಸ್ಟ್ರೇಲಿಯಾದ ಎಚ್‌ಇಎಸ್ ಕಂಪನಿ ಹೀಗೆ ಮಾಡಿತು. ಎರಡನೆಯದು ಪೆಟ್ಟು ಕೊಡುವ ದಾರಿ. ಕಲರ್ ಡ್ರೀಮ್ಸ್, ಕ್ಯಾಮೆರಿಕಾ ಮೊದಲಾದ ಕಂಪನಿಗಳ ಕ್ಯಾಸೆಟ್‌ಗಳು ಬೀಗದ ಚಿಪ್‌ಗೆ ಹೋಗುವ ತಂತಿಯಲ್ಲಿ ಋಣ ವೋಲ್ಟೇಜಿನ ಮಿಡಿತಗಳನ್ನು ಕಳಿಸಿ ಅದನ್ನು ದಿಗ್ಭ್ರಮೆಗೊಳಿಸುತ್ತಿದ್ದವು, ರೀಸೆಟ್ ಮಾಡಬೇಕಾದ ಚಿಪ್ ಸುಮ್ಮನೆ ನಿಂತುಬಿಡುತ್ತಿತ್ತು. ನಿಂಟೆಂಡೊ ನಂತರದ ಬೋರ್ಡ್‌ಗಳಲ್ಲಿ ಡಯೋಡ್ ಮತ್ತು ರೆಸಿಸ್ಟರ್‌ಗಳನ್ನು ಸೇರಿಸಿ ಈ ಪೆಟ್ಟನ್ನು ತಡೆಯತೊಡಗಿತು. ಹೀಗಾಗಿ ಕ್ಯಾಮೆರಿಕಾದ ಹಲವು ಕ್ಯಾಸೆಟ್‌ಗಳ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ ಕಾಣುತ್ತದೆ. ಒಂದು ಕಡೆ ಓಡದಿದ್ದರೆ ಸ್ವಿಚ್ಚನ್ನು ಇನ್ನೊಂದು ಕಡೆಗೆ ಸರಿಸಿ ನೋಡಬೇಕಿತ್ತು.

ಮೂರನೆಯದು ಕೀಲಿಯನ್ನೇ ತಯಾರಿಸುವುದು. ಅದರ ಕಥೆ ದೊಡ್ಡದು.

ಟೆಂಗೆನ್ ಮೊಕದ್ದಮೆಯಲ್ಲಿ ನಡೆದದ್ದೇನು?

ಟೆಂಗೆನ್ ಎಂಬುದು ಅಟಾರಿ ಗೇಮ್ಸ್ ಕಂಪನಿಯ ಅಂಗಸಂಸ್ಥೆ. ಅಟಾರಿ ಗೇಮ್ಸ್‌ನ ಎಂಜಿನಿಯರ್‌ಗಳು 1986ರಿಂದಲೇ ಬೀಗವನ್ನು ಅರಿಯಲು ಯತ್ನಿಸಿದರು. ಮೊದಲು ಎರಡು ಚಿಪ್‌ಗಳ ನಡುವಿನ ಸಂಕೇತಗಳನ್ನು ಆಲಿಸಿದರು, ಅದರಿಂದ ಪ್ರಯೋಜನವಾಗಲಿಲ್ಲ. ನಂತರ ರಾಸಾಯನಿಕಗಳಿಂದ ಚಿಪ್‌ನ ಪದರಗಳನ್ನು ಸುಲಿದು ಸೂಕ್ಷ್ಮದರ್ಶಕದಡಿ ಪ್ರೋಗ್ರಾಮನ್ನು ಓದಲು ನೋಡಿದರು, ಅದೂ ಪೂರ್ತಿ ಕೈಗೂಡಲಿಲ್ಲ. 1987ರ ಕೊನೆಗೆ ಕಂಪನಿ ಪರವಾನಗಿಯನ್ನೇ ಪಡೆಯಿತು, ಪ್ಯಾಕ್‌ಮ್ಯಾನ್ ಸೇರಿದಂತೆ 3 ಆಟಗಳನ್ನು ನಿಂಟೆಂಡೊ ಮೂಲಕ ಹೊರತಂದಿತು.

1988ರ ಆರಂಭದಲ್ಲಿ ಅದರ ವಕೀಲರು ಅಮೆರಿಕದ ಕೃತಿಸ್ವಾಮ್ಯ ಕಚೇರಿಗೆ ಒಂದು ಅರ್ಜಿ ಹಾಕಿದರು. ತಮ್ಮ ಮೇಲೆ ಮೊಕದ್ದಮೆ ದಾಖಲಾಗಿದೆ, ಅದರಲ್ಲಿ ಪ್ರತಿವಾದ ಮಾಡಲು 10ಎನ್‌ಇಎಸ್ ಪ್ರೋಗ್ರಾಮಿನ ಪ್ರತಿ ಬೇಕು ಎಂದು ಅದರಲ್ಲಿ ಬರೆದಿತ್ತು. ಆಗ ಅಂಥ ಯಾವ ಮೊಕದ್ದಮೆಯೂ ಇರಲಿಲ್ಲ. ಕಚೇರಿ ಪ್ರತಿ ಕೊಟ್ಟಿತು. ಅದರ ಸಹಾಯದಿಂದ ಎಂಜಿನಿಯರ್‌ಗಳು ತಮ್ಮ ಓದನ್ನು ತಿದ್ದಿಕೊಂಡು ‘ರ‍್ಯಾಬಿಟ್’ ಎಂಬ ಕೀಲಿಯನ್ನು ತಯಾರಿಸಿದರು. 1988ರ ಡಿಸೆಂಬರ್‌ನಲ್ಲಿ ಅಟಾರಿ ಗೇಮ್ಸ್ ಏಕಸ್ವಾಮ್ಯದ ಆರೋಪ ಹೊರಿಸಿ ನಿಂಟೆಂಡೊ ಮೇಲೆ ದಾವೆ ಹೂಡಿತು. 1989ರ ನವೆಂಬರ್‌ನಲ್ಲಿ ನಿಂಟೆಂಡೊ ತಿರುಗಿ ದಾವೆ ಹೂಡಿತು.

1991ರ ಮಾರ್ಚ್‌ನಲ್ಲಿ ಕೆಳ ನ್ಯಾಯಾಲಯವು ಅಟಾರಿ ಗೇಮ್ಸ್ ವಿರುದ್ಧ ತಡೆಯಾಜ್ಞೆ ನೀಡಿತು, 1992ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಓದಿದರೆ ಎರಡು ಅಂಶಗಳು ಮನಸ್ಸಿನಲ್ಲಿ ಉಳಿಯುತ್ತವೆ. ರ‍್ಯಾಬಿಟ್ ಓಡುತ್ತಿದ್ದ ಚಿಪ್ ಬೇರೆ ಜಾತಿಯದು, ಹೆಚ್ಚು ವೇಗದ್ದು. ಅಸಲಿ ಕೀಲಿಯ ಲಯಕ್ಕೆ ಹೊಂದಲು ಅದರಲ್ಲಿ ಬೇಕೆಂದೇ ವಿರಾಮಗಳನ್ನು ತುಂಬಿದ್ದರು. ಎರಡನೆಯದಾಗಿ, ಬೀಗ ತೆರೆಯಲು ಅಗತ್ಯವೇ ಇಲ್ಲದ ಭಾಗಗಳನ್ನೂ ಅವರು ನಕಲು ಮಾಡಿದ್ದರು, ಇದು ಅವರಿಗೆ ಮುಳುವಾಯಿತು. ಆದರೆ ಅದೇ ತೀರ್ಪು, ಕಾನೂನುಬದ್ಧವಾಗಿ ತನ್ನ ಕೈಯಲ್ಲಿರುವ ಪ್ರತಿಯನ್ನು ಬಿಚ್ಚಿ, ಅದರೊಳಗಿನ ವಿಚಾರಗಳನ್ನು ತಿಳಿಯುವುದು ನ್ಯಾಯಸಮ್ಮತ ಬಳಕೆಯಾಗಬಹುದು ಎಂದೂ ಹೇಳಿತು. ಸುಳ್ಳು ಅರ್ಜಿಯಿಂದ ಪಡೆದ ಪ್ರತಿಗೆ ಆ ರಕ್ಷಣೆ ಸಿಗಲಿಲ್ಲ. 1994ರಲ್ಲಿ ಇಬ್ಬರೂ ರಾಜಿಯಾದರು. ತಾಳ್ಮೆಯಿಂದ ಸರಿದಾರಿಯಲ್ಲೇ ನಡೆದಿದ್ದರೆ ಆ ಎಂಜಿನಿಯರ್‌ಗಳ ಶ್ರಮ ವ್ಯರ್ಥವಾಗುತ್ತಿರಲಿಲ್ಲ ಎಂದು ನನಗೆ ಇಂದಿಗೂ ಬೇಸರವಿದೆ.

ಸೇಗಾ ಕಂಪನಿಯ ಬೀಗ ಬೇರೆ ಬಗೆಯದೇ?

ಬೇರೆಯೇ. ಸೇಗಾ ತನ್ನ ಜೆನೆಸಿಸ್ ಕನ್ಸೋಲ್‌ನ ನಂತರದ ಆವೃತ್ತಿಯಲ್ಲಿ ಪ್ರತ್ಯೇಕ ಕೀಲಿಯ ಚಿಪ್ ಬಳಸಲಿಲ್ಲ, ಟ್ರೇಡ್‌ಮಾರ್ಕ್ ಕಾನೂನನ್ನೇ ಬೀಗವಾಗಿ ಬಳಸಿತು. ಕ್ಯಾಸೆಟ್‌ನೊಳಗೆ ಒಂದು ನಿರ್ದಿಷ್ಟ ಜಾಗದಲ್ಲಿ ಸೇಗಾ ಎಂಬ ಹೆಸರಿನ 4 ಅಕ್ಷರಗಳಿದ್ದರೆ ಮಾತ್ರ ಯಂತ್ರ ಮುಂದುವರಿಯುತ್ತಿತ್ತು. ಇದ್ದರೆ ‘ಸೇಗಾ ಪರವಾನಗಿಯಡಿ ತಯಾರಾದದ್ದು’ ಎಂಬರ್ಥದ ಸಾಲು ಪರದೆಯ ಮೇಲೆ ಬರುತ್ತಿತ್ತು. ಅಕ್ಷರ ಹಾಕದಿದ್ದರೆ ಆಟ ಓಡದು, ಹಾಕಿದರೆ ಸುಳ್ಳು ಹೇಳಿದಂತಾಗಿ ಮೊಕದ್ದಮೆ ಎದುರಿಸಬೇಕು.

ಅಕೊಲೇಡ್ ಎಂಬ ಕಂಪನಿ ಒಂದು ಕನ್ಸೋಲ್ ಮತ್ತು 3 ಕ್ಯಾಸೆಟ್‌ಗಳನ್ನು ಅಂಗಡಿಯಿಂದ ಕೊಂಡು, ಅವುಗಳಲ್ಲಿದ್ದುದನ್ನು ಬಿಡಿಸಿ ಓದಿ, ತನ್ನದೇ ಆಟಗಳನ್ನು ಬರೆಯಿತು. ಸೇಗಾ 1991ರ ಅಕ್ಟೋಬರ್‌ನಲ್ಲಿ ದಾವೆ ಹೂಡಿ ಮೊದಲ ಸುತ್ತಿನಲ್ಲಿ ಗೆದ್ದಿತು. ಆದರೆ 1992ರ ಅಕ್ಟೋಬರ್‌ನಲ್ಲಿ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು, ಬೇರೆ ದಾರಿಯಿಲ್ಲದಾಗ ಹೊಂದಾಣಿಕೆಗಾಗಿ ಪ್ರೋಗ್ರಾಮನ್ನು ಬಿಡಿಸಿ ಓದುವುದು ನ್ಯಾಯಸಮ್ಮತ ಬಳಕೆ ಎಂದು ತೀರ್ಪಿತ್ತಿತು. ಪರದೆಯ ಮೇಲಿನ ಸುಳ್ಳು ಸಾಲಿಗೆ ಅಕೊಲೇಡ್‌ಗಿಂತ ಸೇಗಾದ ವಿನ್ಯಾಸವೇ ಹೊಣೆ ಎಂದೂ ಹೇಳಿತು.

ಗೇಮ್ ಬಾಯ್ ಆನ್ ಮಾಡಿದಾಗ ಮೇಲಿನಿಂದ ಇಳಿದು ಬರುವ ಹೆಸರೂ ಇಂಥ ಬೀಗವೇ?

ಹೌದು. 1989ರ ಗೇಮ್ ಬಾಯ್ ಒಳಗೆ 256 ಬೈಟ್‌ಗಳ ಪುಟ್ಟ ಪ್ರೋಗ್ರಾಂ ಇದೆ. ಇಳಿದು ಬರುವ ಹೆಸರಿನ ಚಿತ್ರ ಯಂತ್ರದಿಂದ ಬಂದದ್ದಲ್ಲ, ಕ್ಯಾಸೆಟ್‌ನಲ್ಲಿರುವ 48 ಬೈಟ್‌ಗಳಿಂದ ಬಂದದ್ದು. ಚಿತ್ರ ಕೆಳಗಿಳಿದ ಮೇಲೆ ಯಂತ್ರವು ಅವೇ ಬೈಟ್‌ಗಳನ್ನು ತನ್ನೊಳಗಿನ ಪ್ರತಿಯೊಂದಿಗೆ ಹೋಲಿಸುತ್ತದೆ, ಒಂದು ಬೈಟ್ ವ್ಯತ್ಯಾಸವಾದರೂ ಅಲ್ಲಿಯೇ ನಿಲ್ಲುತ್ತದೆ. ಕ್ಯಾಸೆಟ್ ಹಾಕದೆ ಆನ್ ಮಾಡಿದಾಗ ಹೆಸರಿನ ಬದಲು ಕಪ್ಪು ಪಟ್ಟಿ ಇಳಿಯುವುದು ಇದೇ ಕಾರಣದಿಂದ. ಚಿತ್ರ ತೋರಿಸಲು ಒಮ್ಮೆ, ಹೋಲಿಸಲು ಇನ್ನೊಮ್ಮೆ ಓದುವುದರಿಂದ, ಕೆಲವು ತಯಾರಕರು ಮೊದಲ ಓದಿಗೆ ತಮ್ಮ ಹೆಸರನ್ನೂ ಎರಡನೆಯ ಓದಿಗೆ ಅಸಲಿ ಬೈಟ್‌ಗಳನ್ನೂ ಕೊಡುವ ಕ್ಯಾಸೆಟ್‌ಗಳನ್ನು ಮಾಡಿದರು.

ನಮ್ಮ ಊರುಗಳಲ್ಲಿ ಸಿಗುತ್ತಿದ್ದ ಟಿವಿ ವಿಡಿಯೋ ಗೇಮ್‌ಗಳಲ್ಲಿ ಈ ಬೀಗ ಇತ್ತೇ?

1990ರ ದಶಕದಲ್ಲಿ ಮತ್ತು ಅದರ ನಂತರವೂ ಕರ್ನಾಟಕದ ಪೇಟೆಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತಿದ್ದ ಅಗ್ಗದ ಟಿವಿ ಗೇಮ್‌ಗಳಲ್ಲಿ ಬಹುಪಾಲು ಫ್ಯಾಮಿಕಾಮ್‌ನ ತದ್ರೂಪುಗಳು. ಅವು ಅನುಸರಿಸಿದ್ದು ಬೀಗವಿಲ್ಲದ 60 ಪಿನ್‌ಗಳ ಜಪಾನಿ ವಿನ್ಯಾಸವನ್ನು. ಅದಕ್ಕಾಗಿಯೇ ಹಳದಿ ಬಣ್ಣದ ‘9999 ಆಟಗಳು’ ಎಂದು ಬರೆದ ಕ್ಯಾಸೆಟ್, ಅದರೊಳಗೆ ನಿಜವಾಗಿ ಇದ್ದುದು ಕೆಲವೇ ಆಟಗಳಾಗಿದ್ದರೂ, ಯಾವ ಯಂತ್ರಕ್ಕೆ ಹಾಕಿದರೂ ಓಡುತ್ತಿತ್ತು. ನಾವು ಸ್ನೇಹಿತರೊಂದಿಗೆ ಕ್ಯಾಸೆಟ್ ಅದಲುಬದಲು ಮಾಡಿಕೊಳ್ಳಲು ಸಾಧ್ಯವಾದದ್ದು ಆ ನಾಲ್ಕು ಪಿನ್‌ಗಳು ಇಲ್ಲದಿದ್ದುದರಿಂದ. ಆದರೆ ಆ ಆಟಗಳನ್ನು ಬರೆದವರಿಗೆ ನಮ್ಮ ಹಣದಲ್ಲಿ ಒಂದು ಪೈಸೆಯೂ ಮುಟ್ಟಿರಲಿಲ್ಲ ಎಂಬುದನ್ನು ಮರೆಮಾಚಲಾರೆ.

ಡಿಸ್ಕ್ ಬಂದ ಮೇಲೆ ಏನಾಯಿತು?

ಕ್ಯಾಸೆಟ್ ನಕಲು ಮಾಡಲು ಕಾರ್ಖಾನೆ ಬೇಕಿತ್ತು, ಸಿಡಿ ನಕಲು ಮಾಡಲು ಮನೆಯ ಕಂಪ್ಯೂಟರ್ ಸಾಕಾಯಿತು. 1994ರ ಡಿಸೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ ಇದಕ್ಕೆ ಒಳ್ಳೆಯ ಉಪಾಯ ಹುಡುಕಿತ್ತು. ಅಸಲಿ ಡಿಸ್ಕ್‌ನ ಒಳ ಅಂಚಿನ ಜಾಡನ್ನು ಅಚ್ಚು ಹಾಕುವಾಗಲೇ ಬಹಳ ಸಣ್ಣಗೆ ಓಲಾಡಿಸಿ, ಆ ಓಲಾಟದಲ್ಲಿ ಪ್ರದೇಶವನ್ನು ಸೂಚಿಸುವ 4 ಅಕ್ಷರಗಳನ್ನು ಅಡಗಿಸುತ್ತಿದ್ದರು. ಖಾಲಿ ಸಿಡಿಯ ಜಾಡು ತಯಾರಾಗುವಾಗಲೇ ನಿಗದಿಯಾಗಿರುವುದರಿಂದ ಬರ್ನರ್ ಅದನ್ನು ಓಲಾಡಿಸಲಾರದು. ಕೊನೆಗೆ ಜನ ಡಿಸ್ಕನ್ನು ಬಿಟ್ಟು ಯಂತ್ರವನ್ನೇ ತಿದ್ದಿದರು: ಅದೇ 4 ಅಕ್ಷರಗಳನ್ನು ಯಂತ್ರದ ಕಿವಿಯಲ್ಲಿ ಮತ್ತೆ ಮತ್ತೆ ಉಸುರುವ ಅಗ್ಗದ ಮಾಡ್ ಚಿಪ್ ಬಂತು.

ನನ್ನ ಸ್ವಂತ ಎನ್‌ಇಎಸ್‌ನ ಬೀಗವನ್ನು ತೆಗೆಯಬಹುದೇ?

ತಾಂತ್ರಿಕವಾಗಿ ಸುಲಭ. ಕನ್ಸೋಲ್‌ನಲ್ಲಿರುವ ಬೀಗದ ಚಿಪ್‌ನ 4ನೇ ಪಿನ್ನನ್ನು ಬೋರ್ಡಿನಿಂದ ಬಿಡಿಸಿದರೆ ಅದು ತಾನು ಬೀಗ ಎಂಬುದನ್ನೇ ಮರೆತು ಕೀಲಿಯಂತೆ ವರ್ತಿಸುತ್ತದೆ. ಕೀಲಿಗೆ ರೀಸೆಟ್ ಮಾಡುವ ಅಧಿಕಾರವಿಲ್ಲ, ಹಾಗಾಗಿ ಮಿಟುಕುವುದು ನಿಲ್ಲುತ್ತದೆ. ಕತ್ತರಿಸುವುದಕ್ಕಿಂತ ಬೆಸುಗೆ ಕರಗಿಸಿ ಮೆಲ್ಲನೆ ಎತ್ತಿ, ಮುಂದೆ ಬೇಕೆಂದರೆ ಮತ್ತೆ ಜೋಡಿಸಬಹುದು. ಕೆಟ್ಟ ಕನೆಕ್ಟರ್ ಇದರಿಂದ ಸರಿಹೋಗುವುದಿಲ್ಲ, ಅದನ್ನು ಬೇರೆಯಾಗಿ ಸ್ವಚ್ಛ ಮಾಡಲೇಬೇಕು. ನಿಂಟೆಂಡೊ ತಾನೇ 1993ರಲ್ಲಿ ತಂದ, ಮೇಲಿನಿಂದ ಕ್ಯಾಸೆಟ್ ಹಾಕುವ ಅಗ್ಗದ ಎನ್‌ಇಎಸ್‌ನಲ್ಲಿ ಬೀಗದ ಚಿಪ್ಪನ್ನು ಕೈಬಿಟ್ಟಿತ್ತು.

ಕಾನೂನಿನ ಮಾತು ಹೇಳುವುದಾದರೆ, ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸುವವರಿಗೆ 2 ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ಅಲ್ಲಿ ಉದ್ದೇಶವೇ ಮುಖ್ಯ. ಸ್ವಂತ ಯಂತ್ರದಲ್ಲಿ ಸ್ವಂತ ಅಸಲಿ ಕ್ಯಾಸೆಟ್ ಮಿಟುಕದೆ ಓಡಲಿ ಎಂದು ರಿಪೇರಿ ಮಾಡುವುದೂ ನಕಲು ಮಾರುವುದೂ ಒಂದೇ ಅಲ್ಲ. ವ್ಯಾಪಾರಕ್ಕೆಂದು ಮಾಡುವವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಇಂದಿಗೂ ಈ ಬೀಗದಿಂದ ಯಾರಿಗಾದರೂ ತೊಂದರೆ ಇದೆಯೇ?

ಎನ್‌ಇಎಸ್‌ಗೆ ಹೊಸ ಆಟಗಳನ್ನು ಬರೆಯುವ ಹವ್ಯಾಸಿಗಳು ಈಗಲೂ ಇದ್ದಾರೆ, ಅವರ ಕ್ಯಾಸೆಟ್‌ಗಳಿಗೂ ಕೀಲಿ ಬೇಕು. ಬಹಳ ಕಾಲ ಅವರು ಹಳೆಯ ಅಗ್ಗದ ಕ್ರೀಡಾ ಕ್ಯಾಸೆಟ್‌ಗಳನ್ನು ಕೊಂಡು, ಬೆಸುಗೆ ಬಿಡಿಸಿ, ಕೀಲಿಯ ಚಿಪ್ಪನ್ನಷ್ಟೇ ತೆಗೆದುಕೊಳ್ಳುತ್ತಿದ್ದರು. 1989ರ ಜನವರಿಯಲ್ಲಿ ಮಂಜೂರಾದ ಆ ಬೀಗದ ಪೇಟೆಂಟ್‌ನ ಅವಧಿ ಮುಗಿದು ವರ್ಷಗಳಾಗಿವೆ, ಚಿಪ್‌ನ ಒಳಗಿನ ಪ್ರೋಗ್ರಾಮನ್ನೂ ಓದಿ ಆಗಿದೆ. ಈಗ ಬೆರಳ ತುದಿಯಷ್ಟು ದೊಡ್ಡ, 8 ಕಾಲುಗಳ ಅಗ್ಗದ ಮೈಕ್ರೋಕಂಟ್ರೋಲರ್ ಒಂದಕ್ಕೆ ಆ 16 ಮಗ್ಗಿಗಳನ್ನು ಕಲಿಸಿ ಹೊಸ ಕ್ಯಾಸೆಟ್‌ಗೆ ಬೆಸೆಯುತ್ತಾರೆ. 1985ರ ಬೀಗ ಅದನ್ನು ತನ್ನ ಜೋಡಿಯೆಂದೇ ನಂಬಿ ಆಟವನ್ನು ಓಡಗೊಡುತ್ತದೆ.